ನಿವೃತ್ತಿ ಖಾತೆಯಲ್ಲಿ ಗಟ್ಟಿ ಚಿನ್ನ: ಅಮೆರಿಕದ ಕನ್ನಡಿಗರು ಮಾಡಬೇಕಾದದ್ದೇನು?

‘ಊರಿನಿಂದ ತಂದ ಬಳೆ, ಸರಗಳನ್ನೇ ನಿವೃತ್ತಿ ಖಾತೆಗೆ ಹಾಕಬಹುದೇ?’ ಚಿನ್ನದ ಐಆರ್‌ಎ (ತೆರಿಗೆ ರಿಯಾಯಿತಿ ಇರುವ ವೈಯಕ್ತಿಕ ನಿವೃತ್ತಿ ಖಾತೆ) ಮಾತು ಬಂದಾಗ ಅಮೆರಿಕದಲ್ಲಿರುವ ನಮ್ಮವರಿಗೆ ಮೊದಲು ಏಳುವ ಪ್ರಶ್ನೆ ಇದು. ಸಾಧ್ಯವಿಲ್ಲ. ಆಭರಣಕ್ಕೆ ಅಲ್ಲಿ ಜಾಗವಿಲ್ಲ. ಪೆಟ್ಟಿಗೆಯಲ್ಲಿರುವ ನಾಣ್ಯವನ್ನು ನಿಮ್ಮದೇ ಖಾತೆಗೆ ಮಾರುವಂತೆಯೂ ಇಲ್ಲ. ಖಾತೆಗೆ ಹೋಗಬೇಕಾದದ್ದು ಹಣ; ಆ ಹಣದಿಂದ ಚಿನ್ನ ಕೊಳ್ಳುವುದು ಖಾತೆಯೇ ಹೊರತು ನೀವಲ್ಲ.

ಮೊದಲ ಹೆಜ್ಜೆ, ‘ಸ್ವಯಂ ನಿರ್ದೇಶಿತ’, ಅಂದರೆ ಏನನ್ನು ಕೊಳ್ಳಬೇಕೆಂದು ನೀವೇ ಹೇಳುವ, ಐಆರ್‌ಎ ತೆರೆಯುವುದು. ಅದನ್ನು ನಡೆಸುವ ಕಸ್ಟೋಡಿಯನ್ ಒಂದೋ ಬ್ಯಾಂಕ್ ಆಗಿರಬೇಕು, ಇಲ್ಲವೇ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಒಪ್ಪಿಗೆ ಪಡೆದ ಸಂಸ್ಥೆಯಾಗಿರಬೇಕು. ಖಾತೆಯ ವಾರ್ಷಿಕ ಶುಲ್ಕ, ದಾಸ್ತಾನು ಬಾಡಿಗೆ, ವಿಮೆ ಎಷ್ಟೆಂದು ಸಹಿ ಹಾಕುವ ಮುನ್ನವೇ ಬರಹದಲ್ಲಿ ಕೇಳಿ ಪಡೆಯಿರಿ. ಚಿನ್ನ ಬಡ್ಡಿ ತರುವುದಿಲ್ಲ, ಲಾಭಾಂಶವನ್ನೂ ಕೊಡುವುದಿಲ್ಲ. ಶುಲ್ಕವಂತೂ ವರ್ಷವರ್ಷವೂ ತಪ್ಪದು.

ಎರಡನೆಯದು ಹಣ. 2025ರ ಲೆಕ್ಕಕ್ಕೆ ಹೊಸದಾಗಿ ತುಂಬಬಹುದಾಗಿದ್ದ ಮಿತಿ 7,000 ಡಾಲರ್, 50 ತುಂಬಿದವರಿಗೆ 8,000 ಇತ್ತು. ಹಳೆಯ ಕೆಲಸದಲ್ಲಿ ಕೂಡಿಟ್ಟ 401(ಕೆ) ಎಂಬ ನಿವೃತ್ತಿ ಉಳಿತಾಯದ ಹಣವನ್ನೂ ತರಬಹುದು. ಆದರೆ ಅದು ಸಂಸ್ಥೆಯಿಂದ ಸಂಸ್ಥೆಗೆ ನೇರವಾಗಿ ಹೋಗಲಿ. ಚೆಕ್ ನಿಮ್ಮ ಹೆಸರಿಗೆ ಬಂದರೆ ಶೇ 20ರಷ್ಟು ತೆರಿಗೆ ಮೊದಲೇ ಮುರಿದುಕೊಂಡಿರುತ್ತಾರೆ. ಆ ಕೊರತೆಯನ್ನು ಕೈಯಿಂದ ತುಂಬಿ 60 ದಿನಗಳೊಳಗೆ ಪೂರ್ತಿ ಮೊತ್ತ ಕಟ್ಟದಿದ್ದರೆ, ಉಳಿದದ್ದನ್ನು ನೀವು ಹಿಂಪಡೆದ ಹಣವೆಂದೇ ಎಣಿಸುತ್ತಾರೆ.

ಇನ್ನು ಏನನ್ನು ಕೊಳ್ಳಬಹುದು? ಚಿನ್ನವಾದರೆ ಶುದ್ಧತೆ ಸಾವಿರಕ್ಕೆ ಕನಿಷ್ಠ 995 ಇರಬೇಕು, ಬೆಳ್ಳಿ 999, ಪ್ಲಾಟಿನಂ ಮತ್ತು ಪಲೇಡಿಯಂ 999.5. ನಮ್ಮ 916 ಹಾಲ್‌ಮಾರ್ಕ್ ಇಲ್ಲಿ ಸೋಲುತ್ತದೆ. ಆದರೂ ಒಂದು ವಿನಾಯಿತಿ ಇದೆ: ಅಮೆರಿಕ ಸರ್ಕಾರದ ‘ಈಗಲ್’ ಚಿನ್ನದ ನಾಣ್ಯ 22 ಕ್ಯಾರಟ್‌ನದೇ ಆದರೂ ಕಾನೂನು ಅದನ್ನು ಹೆಸರಿಟ್ಟು ಒಪ್ಪಿಕೊಂಡಿದೆ. ಒಂದು ಔನ್ಸ್ ಈಗಲ್ ತಕ್ಕಡಿಯಲ್ಲಿ 33.93 ಗ್ರಾಂ ತೂಗುತ್ತದೆ. ಅದರಲ್ಲಿ ಚಿನ್ನ 31.1 ಗ್ರಾಂ, ಉಳಿದದ್ದು ಗಟ್ಟಿತನಕ್ಕೆ ಬೆರೆಸಿದ ಬೆಳ್ಳಿ ಮತ್ತು ತಾಮ್ರ. ಅದೇ 22 ಕ್ಯಾರಟ್‌ನ ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್‌ಗೆ ಮಾತ್ರ ಪ್ರವೇಶವಿಲ್ಲ. 24 ಕ್ಯಾರಟ್‌ನ ಅಮೆರಿಕದ ಬಫಲೊ, ಕೆನಡಾದ ಮೇಪಲ್ ಲೀಫ್ ನಡೆಯುತ್ತವೆ.

‘ಅಪರೂಪದ ನಾಣ್ಯ’ ಎಂದು ವ್ಯಾಪಾರಿ ಹೊಗಳತೊಡಗಿದರೆ ಅಲ್ಲೇ ನಿಲ್ಲಿಸಿ. ಲೋಹದ ಬೆಲೆಯ ಮೇಲೆ ಅವನು ಎಷ್ಟು ಹೆಚ್ಚು ಹಾಕುತ್ತಿದ್ದಾನೆ, ಇದೇ ನಾಣ್ಯವನ್ನು ಇವತ್ತೇ ಮರಳಿ ಕೊಟ್ಟರೆ ಎಷ್ಟಕ್ಕೆ ಕೊಳ್ಳುತ್ತಾನೆ ಎಂದು ಕೇಳಿ. ಆ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಮೊದಲ ದಿನದ ನಷ್ಟ.

ಕೊಂಡ ಚಿನ್ನ ನಿಮ್ಮ ಮನೆಗೆ ಬರುವುದಿಲ್ಲ. ನೇರ ಭದ್ರತಾ ಉಗ್ರಾಣಕ್ಕೆ ಹೋಗುತ್ತದೆ. ಇದು ನಮ್ಮವರ ಮನಸ್ಸಿಗೆ ಒಗ್ಗದ ಮಾತೆಂದು ಬಲ್ಲೆ. ಚಿನ್ನವೆಂದರೆ ಬೀರುವಿನಲ್ಲಿ, ಬೀಗದ ಕೈ ಸೊಂಟದಲ್ಲಿ ಇರಬೇಕೆಂದು ನೋಡಿ ಬೆಳೆದವರು ನಾವು. ಆದರೆ ‘ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ) ಕಂಪನಿ ಮಾಡಿ, ಖಾತೆಯ ನಾಣ್ಯ ಮನೆಯಲ್ಲೇ ಇಡಿ’ ಎಂಬ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಹಾಗೆ ಈಗಲ್ ನಾಣ್ಯಗಳನ್ನು ಮನೆಯ ತಿಜೋರಿಯಲ್ಲಿಟ್ಟ ದಂಪತಿಗೆ 2021ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಖಡಾಖಂಡಿತವಾಗಿ ಹೇಳಿತು: ನಾಣ್ಯ ನಿಮ್ಮ ಹಿಡಿತಕ್ಕೆ ಬಂದರೆ ಹಣ ಖಾತೆಯಿಂದ ಹೊರಬಂದಂತೆಯೇ, ತೆರಿಗೆ ಕಟ್ಟಬೇಕು. ಉಗ್ರಾಣದಲ್ಲಿ ನಿಮ್ಮ ನಾಣ್ಯಗಳನ್ನು ಪ್ರತ್ಯೇಕವಾಗಿ ಇಡಿಸಬಹುದು, ಬಾಡಿಗೆ ಸ್ವಲ್ಪ ಹೆಚ್ಚು.

ಕೊನೆಗೆ ಹಿಂಪಡೆಯುವುದು. ಐವತ್ತೊಂಬತ್ತೂವರೆ ವರ್ಷಕ್ಕೆ ಮುನ್ನ ತೆಗೆದರೆ ತೆರಿಗೆಯ ಜತೆಗೆ ಸಾಮಾನ್ಯವಾಗಿ ಶೇ 10 ದಂಡ. ಸಾಂಪ್ರದಾಯಿಕ ಐಆರ್‌ಎ (ಹಣ ತೆಗೆಯುವಾಗ ತೆರಿಗೆ ಕಟ್ಟುವ ಬಗೆ) ಇರುವವರು 73ರಿಂದ, 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಾದರೆ 75ರಿಂದ, ಪ್ರತಿ ವರ್ಷ ಇಂತಿಷ್ಟು ತೆಗೆಯಲೇಬೇಕು. ನಾಣ್ಯವನ್ನೇ ಕೈಗೆ ಪಡೆಯಬಹುದು. ಅಂದಿನ ಪೇಟೆ ಬೆಲೆ ನಿಮ್ಮ ಆದಾಯಕ್ಕೆ ಸೇರುತ್ತದೆ. ಆದರೆ ನಾಣ್ಯವನ್ನು ತುಂಡು ಮಾಡಿ ಕೊಡಲಾಗದು. ಹಾಗಾಗಿ ಅರ್ಧ, ಕಾಲು, ಹತ್ತನೇ ಒಂದು ಔನ್ಸಿನ ಕೆಲವು ಈಗಲ್‌ಗಳನ್ನೂ ಕೊಂಡಿಡಿ, ಅವಕ್ಕೆ ಗ್ರಾಂ ಲೆಕ್ಕದಲ್ಲಿ ಬೆಲೆ ತುಸು ಜಾಸ್ತಿಯಾದರೂ ಸರಿ. ಇಲ್ಲವೇ ಇನ್ನೊಂದು ಸಾಂಪ್ರದಾಯಿಕ ಐಆರ್‌ಎಯಲ್ಲಿ ನಗದು ಉಳಿಸಿಕೊಂಡು, ಎರಡೂ ಖಾತೆಗಳಿಂದ ವರ್ಷವರ್ಷ ತೆಗೆಯಬೇಕಾದ ಮೊತ್ತವನ್ನು ಅದರಿಂದಲೇ ತೆಗೆಯಿರಿ.