ಮೈಕಿಗಿಂತ ಮೊದಲು ಕೌದಿ

ಕಲಬುರಗಿಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಸಿಮೆಂಟ್ ಗಿಲಾವು, ತಲೆಯ ಮೇಲೆ ಆರ್‌ಸಿಸಿ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಇಂಥ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ‘ಟರ್ರ್’ ಅನ್ನುತ್ತದೆ. ಇಲ್ಲಿ ಹಾಡು ರೆಕಾರ್ಡ್ ಮಾಡಲು 5,000 ರೂಪಾಯಿಯ ಮೈಕ್ ತೆಗೆದು 50,000ದ ಕಂಡೆನ್ಸರ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಇಟ್ಟರೆ ಆ ಟರ್ರ್ ಇನ್ನೂ ಸ್ವಚ್ಛವಾಗಿ ರೆಕಾರ್ಡ್ ಆಗುತ್ತದೆ, ಅಷ್ಟೆ.

ತತ್ವಪದ, ವಚನಗಳ ರೆಕಾರ್ಡಿಂಗಿಗೆ ನಾನು ಇಟ್ಟುಕೊಂಡಿರುವುದು ಒಂದು ಕಾರ್ಡಿಯಾಯ್ಡ್ (ಮುಂದಿನ ದನಿಯನ್ನು ಹೆಚ್ಚು ಹಿಡಿಯುವ) ಡೈನಾಮಿಕ್ ಮೈಕ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್ಲಿನ ಸಾದಾ ಯುಎಸ್‌ಬಿ ಇಂಟರ್‌ಫೇಸ್, ನಾಲ್ಕು ಕೌದಿ, ಎರಡು ಹತ್ತಿಯ ಗಾದಿ. ಕೌದಿಯನ್ನು ಎರಡು ಪದರು ಮಡಚಿ, ಹಾಡುವವರ ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ಹಗ್ಗ ಕಟ್ಟಿ ಇಳಿಬಿಡುತ್ತೇನೆ. ಬಹಳ ಮಂದಿ ಮೈಕಿನ ಹಿಂದೆ ಫೋಮ್ ಅಂಟಿಸುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕಿಗೆ ಹಿಂದಿನದು ಹೇಗೂ ಕಡಿಮೆ ಕೇಳುತ್ತದೆ. ಅದು ನೋಡುತ್ತಿರುವುದು ಹಾಡುವವರ ಹಿಂದಿನ ಗೋಡೆಯನ್ನು. ಕೌದಿ ಗೋಡೆಗೆ ತಾಗಬಾರದು, ಒಂದು ಗೇಣು ಬಿಡಬೇಕು. ಗೋಡೆಯ ಮೈಯಲ್ಲಿ ಗಾಳಿಯ ಅಲುಗಾಟ ಇಲ್ಲ, ಹಾಗಾಗಿ ಅಲ್ಲಿ ಬಟ್ಟೆಗೆ ತಡೆಯಲು ಏನೂ ಸಿಗುವುದಿಲ್ಲ. 20 ಸೆಂ.ಮೀ. ಬಿಟ್ಟರೆ ಸುಮಾರು 430 ಹರ್ಟ್ಸ್ ಹತ್ತಿರ ಹಿಡಿತ ಚೆನ್ನಾಗಿ ಸಿಗುತ್ತದೆ. ಗೋಡೆಗೆ ಅಂಟಿಸಿದ ತೆಳು ಫೋಮ್, ಮೊಟ್ಟೆ ಟ್ರೇಗಳು ಮೇಲಿನ ಕಂಪನಗಳಿಗಷ್ಟೇ ಸಲ್ಲುತ್ತವೆ. ಕೆಳಗಿನದು ಹಾಗೇ ಉಳಿದು ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ.

ಮೂರೂ ಅಳತೆ ಒಂದೇ ಆದ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು. 10 ಅಡಿಗೆ ಮೊದಲ ಅನುರಣನ (ಕೋಣೆಯೇ ಮೊಳಗುವ ಕಂಪನ) 56 ಹರ್ಟ್ಸ್, ಮುಂದಿನದು 112; ಮೂರೂ ದಿಕ್ಕಿನವು ಒಂದರ ಮೇಲೊಂದು ಬೀಳುತ್ತವೆ. 112 ಅಂದರೆ ಗಂಡು ದನಿಯ ಮಂದ್ರ. ಗಾದಿಗಳನ್ನು ಮೂಲೆಗಳಲ್ಲಿ ನಿಲ್ಲಿಸಿ, ಹಾಡುವವರನ್ನು ಕೋಣೆಯ ನಟ್ಟನಡುವೆ ಕೂಡಿಸದಿದ್ದರೆ ಈ ಗುಂಯ್‌ಗುಡುವಿಕೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ದೂರದ ಲೆಕ್ಕ ಇದಕ್ಕಿಂತ ದೊಡ್ಡದು. ಕೂತು ಹಾಡುವಾಗ ಬಾಯಿ, ಮೈಕ್ ಎರಡೂ ನೆಲದಿಂದ 75 ಸೆಂ.ಮೀ. ಮೇಲಿವೆ ಎನ್ನಿ. ಮೈಕ್ 15 ಸೆಂ.ಮೀ. ದೂರದಲ್ಲಿದ್ದರೆ ಕಲ್ಲಿನಿಂದ ಪುಟಿದ ದನಿ ನೇರ ದನಿಗಿಂತ 20 ಡೆಸಿಬೆಲ್ ಕೆಳಗಿರುತ್ತದೆ. 60ಕ್ಕೆ ಸರಿಸಿದರೆ ಬರೀ 9 ಡೆಸಿಬೆಲ್ ಕೆಳಗೆ, ಆಗ ಕೆಲವು ಸ್ವರಗಳು ಸೊರಗುತ್ತವೆ. ಈ ವ್ಯತ್ಯಾಸವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಒಂದು ಗೇಣಿನೊಳಗೆ ಇಡಿ, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಹಾಕಿ, ಮೈಕನ್ನು ಬಾಯಿಯ ನೇರದಿಂದ ತುಸು ಓರೆ ಮಾಡಿ, ಕೆಳಗೆ ದಪ್ಪ ಜಮಖಾನ ಹಾಸಿ. ತೀರಾ ಹತ್ತಿರವಾದರೆ ಮಂದ್ರ ಉಬ್ಬುತ್ತದೆ. ಅದಕ್ಕೆ 80–100 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಕಂಪನ ತಗ್ಗಿಸುವ ಫಿಲ್ಟರ್) ಸಾಕು. ಹಾರ್ಮೋನಿಯಂ ಮೈಕಿನ ಬೆನ್ನ ಕಡೆ ಇರಲಿ.

‘ನಾಯ್ಸ್ ಕಡಿಮೆ’ ಎಂಬ ಜಾಹೀರಾತಿನ ಮಾತನ್ನೂ ಲೆಕ್ಕಕ್ಕೆ ಹಚ್ಚಿ. ಕೋಣೆಯ ಸದ್ದು 35 ಡೆಸಿಬೆಲ್ ಇದ್ದಲ್ಲಿ, ಸ್ವಂತ ಗದ್ದಲ 20 ಡೆಸಿಬೆಲ್ ಇರುವ ಮೈಕ್ ಬಿಟ್ಟು 5 ಡೆಸಿಬೆಲ್‌ನದು ತಂದರೆ ಒಟ್ಟು ತಗ್ಗುವುದು 0.13 ಡೆಸಿಬೆಲ್. ಯಾರ ಕಿವಿಗೂ ಗೊತ್ತಾಗದು. ಫ್ಯಾನ್, ಕೂಲರ್ ನಿಲ್ಲಿಸಿದರೆ ಗೊತ್ತಾಗುತ್ತದೆ. ಮೇ ತಿಂಗಳ ನಮ್ಮ ಬಿಸಿಲಿಗೆ ಅದು ಶಿಕ್ಷೆಯೇ, ಆದ್ದರಿಂದ ಬೆಳಕು ಹರಿಯುವ ಮುಂಚೆ ಕೂಡುವುದು ಲೇಸು. ಲ್ಯಾಪ್‌ಟಾಪ್ ಪಕ್ಕದ ಕೋಣೆಯಲ್ಲಿರಲಿ. ಯುಎಸ್‌ಬಿ ವೈರ್ ಎಳೆಯಬೇಡಿ, ಮೈಕಿನಿಂದ ಇಂಟರ್‌ಫೇಸಿಗೆ ಹೋಗುವ ಎಕ್ಸ್‌ಎಲ್‌ಆರ್ ಕೇಬಲ್ ಉದ್ದ ಮಾಡಿ.

ಹಾಡು ನಿಂತಾಗಲೂ ಕೇಳುವ ಗುಂಯ್ ಸದ್ದು ಬೇರೆ, ಅದಕ್ಕೆ ಬಹುಪಾಲು ಕಾರಣ ಕರೆಂಟು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ. ಸದ್ದು ನಿಂತರೆ ದೋಷ ಅರ್ಥಿಂಗಿನದೋ ಚಾರ್ಜರಿನದೋ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲಂತೂ ರೆಕಾರ್ಡಿಂಗ್ ಬೇಡ. ಬೇಸಿಗೆಯಲ್ಲಿ ಒಣಗಿದ ಅರ್ಥ್ ಗುಂಡಿಗೆ ನೀರು ಹಾಕಿಸಿ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಚಾಳಿ ಕೆಲವರಿಗಿದೆ. ಅದು ಜೀವಕ್ಕೇ ಕುತ್ತು.

ಎರಡು ಮೈಕ್ ಹೋಲಿಸುವಾಗ ಮಟ್ಟ ಸಮ ಮಾಡಿಕೊಳ್ಳಿ. 1 ಡೆಸಿಬೆಲ್ ಜೋರಾದರೂ ಅದೇ ಚಂದ ಅನ್ನಿಸಿಬಿಡುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ದನಿಯ ಶಿಖರಗಳು ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇದ್ದರೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು.

ಹಣ ಹಾಕಲೇಬೇಕಾದ ಜಾಗವೂ ಇದೆ. ಡೈನಾಮಿಕ್ ಮೈಕಿಗೆ 55–60 ಡೆಸಿಬೆಲ್ ಗೇನ್ (ದನಿ ಹಿಗ್ಗಿಸುವ ಶಕ್ತಿ) ಬೇಕು; ಅಗ್ಗದ ಇಂಟರ್‌ಫೇಸ್ ಆ ಮಟ್ಟದಲ್ಲಿ ‘ಸ್ಸ್’ ಎನ್ನತೊಡಗಿದರೆ ಅದನ್ನು ಬದಲಿಸಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ, ಇಲ್ಲದಿದ್ದರೆ ತಂಬೂರಿಯ ಟ್ರ್ಯಾಕ್ ಸೋರಿ ಮೈಕಿಗೆ ಸೇರುತ್ತದೆ.