ಕಾಗದದ ಪಟ್ಟಿಯಲ್ಲಿ ಪಿಸಿಆರ್: ಮೂರನೇ ಸುತ್ತಿನವರೆಗೆ ಕತ್ತರಿ ಕೆಳಗಿಡಬೇಡಿ

ಪಿಸಿಆರ್ (ಡಿಎನ್‌ಎಯ ಒಂದು ಭಾಗವನ್ನು ಟ್ಯೂಬಿನಲ್ಲಿ ಸುತ್ತುಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ವಿಧಾನ) ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದು ಥಟ್ಟನೆ ಹೇಳುತ್ತಾರೆ. ನಮಗೆ ಬೇಕಾದಷ್ಟೇ ಉದ್ದದ ತುಂಡು ಎಷ್ಟನೇ ಸುತ್ತಿನಲ್ಲಿ ಸಿಗುತ್ತದೆ ಎಂದು ಕೇಳಿದರೆ ‘ಮೊದಲನೆಯದರಲ್ಲೇ’ ಅನ್ನುತ್ತಾರೆ. ಎರಡೂ ಎಳೆ ಅಳತೆಗೆ ಸರಿಯಾಗಿರುವ ತುಂಡು ಸಿಗುವುದು ಮೂರನೆಯದರಲ್ಲಿ. ವರ್ಚುವಲ್ ಲ್ಯಾಬಿನಲ್ಲಿ ಈ ಹಂತ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿದುಹೋಗುತ್ತದೆ. ಹಾಗಾಗಿ ಮೊದಲು ಕಾಗದ, ಆಮೇಲೆ ಕಂಪ್ಯೂಟರ್.

ಬೇಕಾದದ್ದು: ನಾಲ್ಕು ಜನರ ಗುಂಪಿಗೆ 40 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಪಟ್ಟಿಗಳು: ಬಿಳಿ 2, ಹಳದಿ 14. ಎ4 ಹಾಳೆ ಸಾಲದು, ಚಾರ್ಟ್ ಪೇಪರ್ ಬಳಸಿ. ಕೆಂಪು, ನೀಲಿ ಸ್ಕೆಚ್ ಪೆನ್, ಸ್ಕೇಲು, ಕತ್ತರಿ. ಸಮಯ ಉಳಿಸಲು ಹಳದಿ ಪಟ್ಟಿಗಳನ್ನು ಮೊದಲೇ ಅಳತೆಗೆ ಕತ್ತರಿಸಿ ಕೊಡಬೇಡಿ. ಅದು ಉತ್ತರವನ್ನೇ ಕೈಗಿಟ್ಟಂತೆ.

1. ಮೂಲ ಡಿಎನ್‌ಎ. ಎರಡು ಬಿಳಿ ಪಟ್ಟಿಗಳನ್ನು ಮೇಲೆ-ಕೆಳಗೆ ಇಟ್ಟು, ಸೆಂಟಿಮೀಟರಿಗೊಂದು ಮನೆ ಎಳೆದು, ಎಡದಿಂದ ಬಲಕ್ಕೆ 1ರಿಂದ 40ರವರೆಗೆ ಸಂಖ್ಯೆ ಹಾಕಿ. ಮೇಲಿನದಕ್ಕೆ ಎಡತುದಿ 5′, ಬಲತುದಿ 3′. ಕೆಳಗಿನದಕ್ಕೆ ಉಲ್ಟಾ. (ಇವು ಎಳೆಯ ಎರಡು ತುದಿಗಳ ಹೆಸರು, ಹೊಸ ಎಳೆ ಬೆಳೆಯುವುದು 3′ ತುದಿಯಲ್ಲಿ ಮಾತ್ರ.) ನಮಗೆ ಬೇಕಾದ ಭಾಗ 11ರಿಂದ 30. ನಲವತ್ತೂ ಅಕ್ಷರ ಬರೆಸುತ್ತ ಕೂತರೆ ಪೀರಿಯಡ್ ಅಲ್ಲೇ ಮುಗಿಯುತ್ತದೆ. ಮೇಲಿನ ಪಟ್ಟಿಯ 11–15ರಲ್ಲಿ ಎ-ಟಿ-ಜಿ-ಸಿ-ಸಿ, 26–30ರಲ್ಲಿ ಜಿ-ಟಿ-ಟಿ-ಎ-ಸಿ ಬರೆಸಿ. ಅವುಗಳ ಕೆಳಗೆ ಜೋಡಿ ಅಕ್ಷರಗಳು (ಎಗೆ ಟಿ, ಜಿಗೆ ಸಿ) ಬಂದರೆ ಸಾಕು.

(ಪ್ಲಾಸ್ಟಿಕ್ಕಿನ ಸುರುಳಿ ಮಾದರಿ ಈ ಪಾಠಕ್ಕೆ ಬೇಡ. ಎಷ್ಟೋ ಮಾದರಿಗಳಲ್ಲಿ 5′, 3′ ಗುರುತೇ ಇರುವುದಿಲ್ಲ, ಕೆಲವು ಎಡಕ್ಕೆ ತಿರುಚಿಕೊಂಡಿರುತ್ತವೆ. ಕೊಳ್ಳುವುದೇ ಆದರೆ ನೆಟ್ಟಗೆ ಹಿಡಿದು ನೋಡಿ: ಮುಂದೆ ಕಾಣುವ ಎಳೆ ಎಡಗೆಳಗಿನಿಂದ ಬಲಮೇಲಕ್ಕೆ ಏರಬೇಕು.)

2. ಪ್ರೈಮರ್. ನಕಲು ಶುರುವಾಗಲು ಎಳೆಗೆ ಅಂಟುವ ಚಿಕ್ಕ ತುಂಡು ಇದು. ನಿಜವಾದದ್ದು ಸಾಮಾನ್ಯವಾಗಿ 18ರಿಂದ 25 ಅಕ್ಷರ, ನಮ್ಮದು ಐದು. ಎಡದ ಪ್ರೈಮರ್ ಸುಲಭ: 5′ ಕಡೆಯಿಂದ ಎ-ಟಿ-ಜಿ-ಸಿ-ಸಿ. ಅದು ಕೆಳಗಿನ ಎಳೆಗೆ ಅಂಟಿ ಬಲಕ್ಕೆ ಬೆಳೆಯುತ್ತದೆ. ಇದಕ್ಕೆ ಕೆಂಪು ಬಣ್ಣ. ಎಡವಟ್ಟಾಗುವುದು ಬಲದ್ದರಲ್ಲಿ. ಜಿ-ಟಿ-ಟಿ-ಎ-ಸಿಗೆ ಜೋಡಿ ಸಿ-ಎ-ಎ-ಟಿ-ಜಿ ಎಂದು ಬರೆದು, ರೂಢಿಯಂತೆ ಎಡತುದಿಗೆ 5′ ಹಾಕಿಬಿಡುತ್ತಾರೆ. ಆ ಎಡತುದಿ 3′. 5′ ಕಡೆಯಿಂದ ಓದಿದರೆ ಅದು ಜಿ-ಟಿ-ಎ-ಎ-ಸಿ. ಹಾಗೆಯೇ ಬರೆಸಿ, ನೀಲಿ ಬಳಿಸಿ, 3′ ತುದಿಗೆ ಬಾಣ ಹಾಕಿಸಿ. ಎರಡೂ ಬಾಣಗಳು ಒಂದನ್ನೊಂದು ನೋಡುತ್ತಿರಬೇಕು. ತಪ್ಪಾಗಿ ಬರೆದ ಪ್ರೈಮರಿಗೆ ನಿಜವಾದ ಟ್ಯೂಬಿನಲ್ಲಿ ಅಂಟಲು ಜಾಗವೇ ಇರುವುದಿಲ್ಲ.

3. ಸುತ್ತುಗಳು. ಒಬ್ಬರು ಉಷ್ಣತೆ ಕೂಗಲಿ. ‘95’ ಅಂದರೆ ಎಳೆ ಬೇರೆ, ‘55’ ಅಂದರೆ ಪ್ರೈಮರ್ ಅಂಟು, ‘72’ ಅಂದರೆ ಬೆಳೆ. ಅಚ್ಚಿನ ಪಟ್ಟಿಗೆ (ನಕಲಾಗುವ ಎಳೆಗೆ) ಹಳದಿ ಪಟ್ಟಿ ಜೋಡಿಸಿ, ಪ್ರೈಮರಿನ ಐದು ಮನೆಗೆ ಬಣ್ಣ ಬಳಿದು, ಅಲ್ಲಿಂದ ಅಚ್ಚು ಮುಗಿಯುವವರೆಗೆ ಎಳೆದು ಕತ್ತರಿಸಬೇಕು. ಅಚ್ಚಿನ ಮನೆ ಸಂಖ್ಯೆಗಳನ್ನೇ ಹೊಸ ಪಟ್ಟಿಗೂ ಬರೆಯಿಸಿ, ಇಲ್ಲದಿದ್ದರೆ ಮೂರನೇ ಸುತ್ತಿನಲ್ಲಿ ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ.

ಮೊದಲ ಸುತ್ತಿನಲ್ಲಿ ಕೆಂಪು ಪ್ರೈಮರ್ ಹಿಡಿದವರು 30ನೇ ಮನೆಗೆ ಬಂದು ಕತ್ತರಿ ಹಾಕಲು ಹೋಗುತ್ತಾರೆ. ಅಲ್ಲೇ ತಡೆದು ಕೇಳಿ: ನಿಲ್ಲು ಎಂದು ಎಳೆ ಬೆಳೆಸುವ ಕಿಣ್ವ ಪಾಲಿಮರೇಸಿಗೆ ಹೇಳಿದವರು ಯಾರು? ನಮ್ಮ ಗುರಿ ಅದಕ್ಕೆ ಗೊತ್ತಿಲ್ಲ, ಅದು 40ರವರೆಗೂ ಓಡುತ್ತದೆ. ಹಾಗಾಗಿ ಹೊಸ ಎಳೆಗಳು 30 ಸೆಂ.ಮೀ.: ಒಂದು 11–40, ಇನ್ನೊಂದು 1–30. ಎರಡನೇ ಸುತ್ತಿನಲ್ಲಿ 11–40ರ ಪಟ್ಟಿಯೇ ಅಚ್ಚಾದಾಗ ನೀಲಿ ಪ್ರೈಮರ್ 30ರಿಂದ ಹೊರಟು 11ಕ್ಕೆ ಬಂದು ನಿಲ್ಲುತ್ತದೆ. ಮುಂದೆ ಅಚ್ಚೇ ಇಲ್ಲ. 20 ಸೆಂ.ಮೀ.ನ ಎಳೆ ಹುಟ್ಟಿತು, ಆದರೆ ಅದರ ಜೊತೆಗಾರ ಇನ್ನೂ 30. ಮೂರನೆಯದರಲ್ಲಿ 20ಕ್ಕೆ 20 ಕೂಡಿದ ಜೋಡಿ ಎರಡು ಸಿಗುತ್ತವೆ.

ಮೇಜಿನ ಮೇಲಿನ ಲೆಕ್ಕ ನೋಡಿ: 40ರವು 2, 30ರವು 6, 20ರವು 8, ಒಟ್ಟು 16. ಹೊಂದಲಿಲ್ಲವೆಂದರೆ ಮೂಲ ಬಿಳಿ ಪಟ್ಟಿಗಳನ್ನು ಯಾರೋ ಪಕ್ಕಕ್ಕೆ ಎತ್ತಿಟ್ಟಿರುತ್ತಾರೆ. ಅವೂ ಪ್ರತಿ ಸುತ್ತಿನಲ್ಲಿ ಅಚ್ಚಾಗಬೇಕು.

4. ಈಗ ವರ್ಚುವಲ್ ಲ್ಯಾಬ್. ಯೂಟಾ ವಿಶ್ವವಿದ್ಯಾಲಯದ ಲರ್ನ್ ಜೆನೆಟಿಕ್ಸ್ ತಾಣದಲ್ಲಿ ಪಿಸಿಆರ್ ಮತ್ತು ಜೆಲ್ (ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟೆಗಳಾಗಿ ಬೇರ್ಪಡಿಸುವ ಪದರ) ಎರಡೂ ಇವೆ. ಗುಂಡಿ ಒತ್ತುವ ಮೊದಲು ಪುಸ್ತಕದಲ್ಲಿ ಜೆಲ್‌ನ ಚಿತ್ರ ಬರೆಸಿ: ಎಷ್ಟು ಪಟ್ಟೆ, ಎಲ್ಲಿ? ಕಾಗದ ಕತ್ತರಿಸಿದವರಲ್ಲಿ ಹೆಚ್ಚಿನವರು ಮೂರು ಬರೆಯುತ್ತಾರೆ. ನಿಜವಾಗಿ ಕಾಣುವುದು ಒಂದೇ. ಏಕೆಂದು ಅವರೇ ಲೆಕ್ಕ ಹಾಕಲಿ. ಉದ್ದದ ಎಳೆಗಳು ಸುತ್ತಿಗೆ ಎರಡರಂತೆ ಮಾತ್ರ ಹೆಚ್ಚುತ್ತವೆ, 30 ಸುತ್ತಿಗೆ 60. ಅಷ್ಟರಲ್ಲಿ ಬೇಕಾದ ತುಂಡು, ಎಲ್ಲವೂ ಸರಿಯಾಗಿ ದ್ವಿಗುಣಿಸಿದರೆ, 107 ಕೋಟಿ ದಾಟಿರುತ್ತದೆ.

5. ಕಂಪ್ಯೂಟರ್ ತೆರೆ ಕಲಿಸದೇ ಇರುವುದು ಜೆಲ್‌ನ ಗುಂಡಿ ತುಂಬಿಸುವ ಕೈಕೆಲಸ. ಜೆಲ್ ಮಾಡುವ ಅಗರೋಸ್ ಪುಡಿ ದುಬಾರಿಯೆನಿಸಿದರೆ ಅಭ್ಯಾಸಕ್ಕೆ ಅಗರ್ ಸಾಕು. ಬಾಚಣಿಗೆಯಿಟ್ಟು ಗುಂಡಿ ಮಾಡಿ, ಜೆಲ್ ಮುಳುಗುವಷ್ಟು ನೀರು ಹಾಕಿ, ತಿಂಡಿಗೆ ಹಾಕುವ ಬಣ್ಣವನ್ನು ಗ್ಲಿಸರಿನ್ ಬೆರೆಸಿ ತುಂಬಿಸಿ. ಗ್ಲಿಸರಿನ್ ಇಲ್ಲದಿದ್ದರೆ ಬಣ್ಣ ಗುಂಡಿಯಲ್ಲಿ ಕೂರದೆ ಮೇಲೆದ್ದು ಹರಡುತ್ತದೆ. ಪಿಪೆಟ್ಟಿನ ತುದಿ ಗುಂಡಿಯ ಬಾಯಿಯಿಂದ ಒಂದಿಷ್ಟೇ ಒಳಗಿರಲಿ. ತಳ ಮುಟ್ಟಿಸಿದರೆ ತೂತಾಗಿ ಬಣ್ಣವೆಲ್ಲ ಜೆಲ್‌ನ ಅಡಿಗೆ ಸೋರುತ್ತದೆ. ಹೆಬ್ಬೆರಳನ್ನು ಸಡಿಲಿಸುವುದು ತುದಿಯನ್ನು ನೀರಿನಿಂದ ಹೊರತೆಗೆದ ಮೇಲೆ, ಇಲ್ಲದಿದ್ದರೆ ಹಾಕಿದ್ದೆಲ್ಲ ಮತ್ತೆ ಪಿಪೆಟ್ಟಿಗೇ ಬರುತ್ತದೆ.