ಹಳೆಯ ಇನ್ಫ್ಯೂಷನ್ ಪಂಪಿಗೆ ನಾನೇ ಕಟ್ಟಿದ ಬ್ಯಾಟರಿ: ಮೂರನೆಯದು ಗೆದ್ದಿತು

ಈ ಪಂಪಿನ ಆಸೆ ಬಿಡು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು, "ಚಾರ್ಜಿಂಗ್ ಬೋರ್ಡೇ ಕೆಟ್ಟಿದೆ, ಎಷ್ಟು ಬ್ಯಾಟರಿ ಹಾಕಿದರೂ ನುಂಗಿಹಾಕುತ್ತದೆ" ಎಂದು ತೀರ್ಮಾನಿಸಿಬಿಟ್ಟಿದ್ದರು. ಅದೇ ಪಂಪು, ಅದೇ ಬೋರ್ಡು, ನಾನು ಕಟ್ಟಿದ ಪ್ಯಾಕಿನ ಬಲದಲ್ಲಿ 14 ತಿಂಗಳಿಂದ ನಡೆಯುತ್ತಿದೆ.

ಕರುಳು ಆಹಾರ ಹೀರಿಕೊಳ್ಳದ ವೃದ್ಧೆಯೊಬ್ಬರಿಗೆ ರಾತ್ರಿಯಿಡೀ, ಸುಮಾರು 12 ಗಂಟೆ, ರಕ್ತನಾಳದ ಮೂಲಕ ಪೋಷಕ ದ್ರಾವಣ ಕೊಡುವ ಪಂಪು ಇದು. ಶೌಚಾಲಯಕ್ಕೆ ಹೋಗಲು ಪ್ಲಗ್ ತೆಗೆದರೆ ಐದೇ ನಿಮಿಷಕ್ಕೆ ಬ್ಯಾಟರಿ ಅಲಾರಂ ಕೂಗುತ್ತಿತ್ತು. ಈ ದ್ರಾವಣ ಥಟ್ಟನೆ ನಿಂತರೆ ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ ಎಂಬುದು ನಮಗೆಲ್ಲ ಗೊತ್ತು. "ಸರ್, ಅಮ್ಮ ಈಗ ಹಾಸಿಗೆಯಿಂದ ಏಳುವುದಕ್ಕೇ ಹೆದರುತ್ತಾರೆ" ಎಂದು ಮಗಳು ಫೋನಿನಲ್ಲಿ ಹೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ತಯಾರಕರು ಈ ಮಾದರಿಯ ಬಿಡಿಭಾಗ ನಿಲ್ಲಿಸಿ ವರ್ಷಗಳಾಗಿದ್ದವು. ಬಾಡಿಗೆಗೆ ಇನ್ನೊಂದು ಪಂಪು ತಂದು ಅವರಿಗೆ ಕೊಟ್ಟು, ಇದನ್ನು ನನ್ನ ಮೇಜಿಗೆ ತಂದೆ.

ಒಳಗಿದ್ದದ್ದು ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಪ್ಯಾಕ್, 7.2 ವೋಲ್ಟ್, ಚಾರ್ಜ್ ಹಿಡಿಯುವ ಸಾಮರ್ಥ್ಯ 2000 ಮಿಲಿಆಂಪಿಯರ್ ಅವರ್ ಆಸುಪಾಸು. ಮೊದಲು ಸಿದ್ಧ ಪ್ಯಾಕ್ ಕೊಂಡೆ. ಮೇಲೆ 2700 ಎಂದು ದೊಡ್ಡದಾಗಿ ಬರೆದಿತ್ತು. ಪ್ರತಿ ಸಲ ಮೋಟಾರು ತಿರುಗಿ ಪರದೆಯ ಬೆಳಕು ಹೊತ್ತಿದಾಗಲೂ ವೋಲ್ಟೇಜ್ ಧೊಪ್ಪನೆ ಬೀಳುತ್ತಿತ್ತು. ಅಳೆದು ನೋಡಿದರೆ ಒಂದೊಂದು ಸೆಲ್ಲಿನ ಒಳರೋಧ, ಅಂದರೆ ವಿದ್ಯುತ್ತಿಗೆ ಸೆಲ್ಲೇ ಒಡ್ಡುವ ತಡೆ, 90 ಮಿಲಿಓಮ್ ಮೇಲೆ. ಆರು ಸೆಲ್ ಸೇರಿದರೆ ಅರ್ಧ ಓಮ್ ದಾಟಿತು; ಒಂದು ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಅಲ್ಲೇ ಮಾಯ. ಸೆಲ್‌ನಲ್ಲಿ ಚಾರ್ಜ್ ಉಳಿದಿದ್ದರೂ ಪಂಪು ಖಾಲಿ ಎಂದೇ ತಿಳಿಯುತ್ತಿತ್ತು. ಆ ಹಣ ನನ್ನ ಜೇಬಿನಿಂದಲೇ ಹೋಯಿತು, ಏಕೆಂದರೆ ಮಾತು ಕೊಟ್ಟವನು ನಾನು.

ಎರಡನೆಯದನ್ನು ಒಳ್ಳೆಯ ಸೆಲ್ ತಂದು ನಾನೇ ಕಟ್ಟಿದೆ. ಸೊಗಸಾಗಿ ಓಡಿತು. ಮೂರು ತಿಂಗಳಿಗೆ ಸತ್ತಿತು. "ನಾನು ಹೇಳಲಿಲ್ಲವೇ" ಎಂದರು ಹಿರಿಯರು. ಬಿಚ್ಚಿದರೆ ನಡುವಿನ ಎರಡು ಸೆಲ್‌ಗಳ ಧನ ತುದಿಯ ಸುತ್ತ ಬಿಳಿ ಉಪ್ಪಿನಂಥ ಪುಡಿ ಕಟ್ಟಿತ್ತು. ಸೆಲ್ ಒಳಗೊಳಗೇ ಬೆಂದು ಕ್ಷಾರದ್ರವ ಕಾರಿಕೊಂಡಿದ್ದರ ಗುರುತು ಅದು. ಆಗ ಬೋರ್ಡನ್ನು ದೂರುವುದು ಸುಲಭವಿತ್ತು. ನಾನು ಮತ್ತೊಂದು ಪ್ಯಾಕಿಗೆ ಶಾಖ ಅಳೆಯುವ ಎರಡು ತಂತಿ (ಥರ್ಮೋಕಪಲ್) ಸಿಕ್ಕಿಸಿ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕುಳಿತೆ. ಒಂದು ನಡುವಿನ ಸೆಲ್‌ಗಳ ಸಂದಿನಲ್ಲಿ, ಇನ್ನೊಂದು ನಾನು ಥರ್ಮಿಸ್ಟರ್ (ಪ್ಯಾಕಿನ ಶಾಖವನ್ನು ಬೋರ್ಡಿಗೆ ತಿಳಿಸುವ ಪುಟ್ಟ ಬಿಡಿಭಾಗ) ಅಂಟಿಸಿದ್ದ ಜಾಗದಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮೇಲೆ. ಚಾರ್ಜ್ ಮುಗಿಯುವ ಹೊತ್ತಿಗೆ ಎರಡಕ್ಕೂ ಎಂಟೊಂಬತ್ತು ಡಿಗ್ರಿ ಅಂತರ! ಬೋರ್ಡು ಶಾಖ ಏರುವುದನ್ನು ನೋಡಿ ಚಾರ್ಜ್ ನಿಲ್ಲಿಸುತ್ತದೆ. ಶಾಖದ ಸುದ್ದಿಯೇ ಅದಕ್ಕೆ ತಡವಾಗಿ ಮುಟ್ಟುತ್ತಿತ್ತು. ತಪ್ಪು ಬೋರ್ಡಿನದಲ್ಲ, ಥರ್ಮಿಸ್ಟರ್ ಇದ್ದ ಜಾಗದ್ದು.

ಮೂರನೆಯ ಪ್ಯಾಕಿನಲ್ಲಿ ಥರ್ಮಿಸ್ಟರನ್ನು ನಡುವಿನ ಎರಡು ಸೆಲ್‌ಗಳ ಸಂದಿಗೆ ಇಳಿಸಿ, ಶಾಖ ದಾಟಿಸುವ ಅಂಟಿನಿಂದ ಕೂರಿಸಿದೆ. ಕಾಗದದ ಮೇಲಿನ ದೊಡ್ಡ ಅಂಕಿಯ ಆಸೆ ಬಿಟ್ಟು, ಮೂಲದಷ್ಟೇ 2000ದ, ಸುಮ್ಮನಿಟ್ಟರೆ ಚಾರ್ಜ್ ಬೇಗ ಇಳಿಯದ ಸೆಲ್ ಆರಿಸಿದೆ. ಒಳರೋಧ 25 ಮಿಲಿಓಮ್ ಹತ್ತಿರ. ಬೆಸುಗೆಯ ಬಿಸಿ ಸೆಲ್ಲಿಗೆ ತಾಗದಂತೆ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿದೆ. ಹತ್ತಿಪ್ಪತ್ತು ಸೆಲ್‌ಗಳಲ್ಲಿ ಒಂದೇ ಗುಣದ ಆರನ್ನು ಹೆಕ್ಕಲು ನನ್ನದೇ ಕ್ರಮವೊಂದಿದೆ. ಅಂಟಿ ಮುಚ್ಚಿದ ಕವಚವನ್ನು ಬಿರುಕು ಬಿಡದಂತೆ ಬಿಚ್ಚುವುದಕ್ಕೂ ಒಂದಿದೆ. ಅವೆರಡು ನನ್ನ ಬಳಿಯೇ ಇರಲಿ.

ನಡುವೆ ಪಂಪಿನಲ್ಲಿ ಮೊದಲಿದ್ದ ಹಳೆಯ ಪ್ಯಾಕನ್ನು ಬದುಕಿಸಲೂ ನೋಡಿದ್ದೆ. ಐದು ಸಲ ನಿಧಾನ ಚಾರ್ಜ್, ಪೂರ್ತಿ ಡಿಸ್ಚಾರ್ಜ್. ಸಾಮರ್ಥ್ಯ 40 ಶೇಕಡದಿಂದ 60ಕ್ಕೆ ಏರಿ ಮೂರು ವಾರದಲ್ಲಿ ಮತ್ತೆ ಕುಸಿಯಿತು. ಪಂಪನ್ನು ದಪ್ಪ ಬಟ್ಟೆಯ ಚೀಲದಲ್ಲಿಟ್ಟೇ ಚಾರ್ಜ್ ಮಾಡಿ ನೋಡಿದಾಗ ಪ್ಯಾಕು ಆರೇಳು ಡಿಗ್ರಿ ಹೆಚ್ಚು ಬಿಸಿಯಾಯಿತು. ಅಂದಿನಿಂದ ಚಾರ್ಜಿಗೆ ಹಾಕುವ ಮುನ್ನ ಚೀಲದಿಂದ ತೆಗೆಯಿರಿ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತೇನೆ.

ಮೂರು ಸಲ ಪೂರ್ತಿ ತುಂಬಿಸಿ ಖಾಲಿ ಮಾಡಿದ ಮೇಲೆ ಪಂಪು ಬ್ಯಾಟರಿಯಲ್ಲೇ ಒಂಬತ್ತೂವರೆ ಗಂಟೆ ಓಡಿತು. ನೀರು ಹರಿಸಿ ತೂಗಿದೆ: ಗಂಟೆಗೆ 125 ಮಿಲಿಲೀಟರ್‌ನಂತೆ ಎರಡು ಗಂಟೆಗೆ 250 ಗ್ರಾಂ ಬರಬೇಕು, 246 ಬಂತು. ಕೊಳವೆ ಹಿಸುಕಿ ಅಡಚಣೆಯ ಅಲಾರಂ ನೋಡಿದೆ. ಓಡುತ್ತಿರುವಾಗಲೇ ಪ್ಲಗ್ ಕಿತ್ತು ಹಾಕಿದ್ದು ಇಪ್ಪತ್ತು ಸಲವಾದರೂ ಇದ್ದೀತು. ಪ್ಯಾಕ್ ತೆಗೆದಾಗ ಗಡಿಯಾರವೂ ಮಿತಿಗಳೂ ಅಳಿಸಿಹೋಗಿದ್ದವು. ಅವನ್ನು ನರ್ಸ್ ತುಂಬಿದರು, ನಾನು ಓದಿ ಹೇಳಿ ತಾಳೆ ನೋಡಿದೆ. ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗ ಪರೀಕ್ಷಿಸಿ ಸಹಿ ಹಾಕಿದ ಮೇಲಷ್ಟೇ ಪಂಪು ರೋಗಿಯ ಮನೆಗೆ ಹೋಯಿತು.

ಹಾಳಾದ ಎರಡನ್ನೂ ಸೇರಿಸಿದರೆ ಖರ್ಚು ಹೊಸ ಪಂಪಿನ ಬೆಲೆಯ ಹತ್ತರಲ್ಲೊಂದು ಪಾಲು. ಗೆದ್ದ ಪ್ಯಾಕು ಒಂದೇ ಆದರೆ ಮೂವತ್ತರಲ್ಲೊಂದೂ ಇಲ್ಲ. ನನ್ನನ್ನು ಹಿಂಡಿದ್ದು ಬಾಡಿಗೆ ಪಂಪಿನ ದುಡ್ಡು, ಬ್ಯಾಟರಿಯದಲ್ಲ.

ಕಳೆದ ತಿಂಗಳು ಮತ್ತೆ ಅಳೆದೆ: ಎಂಟೂವರೆ ಗಂಟೆ. ಆ ತಾಯಿ ರಾತ್ರಿ ಯಾರನ್ನೂ ಎಬ್ಬಿಸದೆ ಪಂಪು ಹಿಡಿದು ನಡೆದಾಡುತ್ತಾರಂತೆ. ಹಿರಿಯರು ಮೊನ್ನೆ ಇದೇ ಮಾದರಿಯ ಇನ್ನೆರಡು ಪಂಪು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಒಂದನ್ನು ಬಿಚ್ಚಿದ್ದೇನೆ, ಅದರಲ್ಲೂ ಥರ್ಮಿಸ್ಟರ್ ಹೊದಿಕೆಯ ಹೊರಗೇ ಇದೆ.